ಮೆಂಡೆಲ್ ಗುಡಿಸಿದ ಮನೆ

ನಮ್ಮ ಮನೆಯ ಮಾಲೀಕ ಡರ್ಮಟ್ ನಮ್ಮನ್ನು ಹೊರಗೆ ಹಾಕಿದರು ಎಂದು ನಾನು ಎಲ್ಲಿಯೂ ಹೇಳುವಂತಿಲ್ಲ. ಅವರು ಹಾಕಲಿಲ್ಲ. ನೀವಾಗಿಯೇ ಹೊರಟರೆ ಎಲ್ಲರಿಗೂ ಒಳ್ಳೆಯದಲ್ಲವೇ ಎಂದು ವಿಚಾರಿಸಿದರು, ಅದೂ ಗೇಟಿನ ಆಚೆ ನಿಂತು, ಸರ್ಕಾರ ಹೇಳಿದಷ್ಟು ದೂರ ಕಾಯ್ದುಕೊಂಡು, ಮೊದಲು ಬಿಸಿಲನ್ನು ಹೊಗಳಿ. ಐರ್ಲೆಂಡಿನ ಜನ ಕೆಟ್ಟ ಸುದ್ದಿಯನ್ನು ಸ್ವೆಟರ್ ತೊಡಿಸದೆ ಆಚೆ ಕಳಿಸುವುದಿಲ್ಲ. ಆ ದನಿ ನನಗೆ ಇವತ್ತಿಗೂ ಬಾಯಿಪಾಠ: ಅರ್ಧ ಮೂಗಿನಲ್ಲಿ, ಅರ್ಧ ಗಂಟಲಲ್ಲಿ, ಪ್ರತಿ ಮಾತಿನ ಕೊನೆಗೆ ಒಂದು ನಿಟ್ಟುಸಿರು. ಅವರ ಇಂಗ್ಲಿಷನ್ನು ಕನ್ನಡದಲ್ಲಿ ಅಣಕಿಸಿದರೆ ಹೀಗಿರುತ್ತದೆ:

“ಒತ್ತಾಯ ಅಂತ ಏನಿಲ್ಲ ಶ್ರೀನಿ, ಒಂಚೂರೂ ಇಲ್ಲ. ಮಗಳು ಲಂಡನ್ನಿಂದ ವಾಪಸ್ ಬರೋ ಹಂಗಿದಾಳೆ, ಅಷ್ಟೇ. ಮತ್ತೆ ನಿನ್ನ ಮಿಸೆಸ್ಸು ಆ ನರ್ಸಿಂಗ್ ಹೋಮಿಗೆ ಹೋಗಿ ಬಂದು ಮಾಡ್ತಾಳಲ್ಲ, ಬೀದಿಯವರು ಸ್ವಲ್ಪ ಗಾಬರಿ ಬಿದ್ದಿದಾರೆ. ನಾನಲ್ಲ. ನಾನು ಗ್ರ್ಯಾಂಡ್. ನೀನೊಂದ್ಸಲ ಯೋಚ್ನೆ ಮಾಡಿ ನೋಡು.”

“ಗ್ರ್ಯಾಂಡ್, ಡರ್ಮಟ್. ಗ್ರ್ಯಾಂಡ್,” ಎಂದರು ಅಪ್ಪ.

ಅಪ್ಪನ ಪೂರ್ತಿ ಹೆಸರು ಶ್ರೀನಿವಾಸ. ಮೈಸೂರಿನಿಂದ ಡಬ್ಲಿನ್ನಿಗೆ ಬರುವಾಗ ಹೆಸರಿನ ಹಿಂಭಾಗ ವಿಮಾನದಲ್ಲೇ ಉಳಿದುಹೋಗಿತ್ತು. ಸಾಫ್ಟ್‌ವೇರ್ ಎಂಜಿನಿಯರ್, ವರ್ಕ್ ಪರ್ಮಿಟ್ಟಿನ ಮೇಲೆ ಇದ್ದವರು. ಪರ್ಮಿಟ್ಟಿನ ಮೇಲೆ ಇರುವುದೆಂದರೆ ಬೇರೆಯವರ ಮನೆಯ ಸೋಫಾದ ಅಂಚಿನಲ್ಲಿ ವರ್ಷಗಟ್ಟಲೆ ಕೂತ ಹಾಗೆ. ಬೆನ್ನು ಒರಗಿಸಬಾರದು, ಕಾಫಿ ಬೇಕೇ ಎಂದು ಕೇಳಿದರೆ ಬೇಡ ಎನ್ನಬೇಕು. ‘ಪರವಾಗಿಲ್ಲ, ಆಯ್ತು’ ಎನ್ನುವುದಕ್ಕೆ ಐರಿಷರು ದಿನಕ್ಕೆ ಹತ್ತು ಸಲ ‘ಗ್ರ್ಯಾಂಡ್’ ಎಂದರೆ ಅಪ್ಪ ಇಪ್ಪತ್ತು ಸಲ ಎನ್ನುತ್ತಿದ್ದರು. ನಾನು ಅದನ್ನು ಊಟದ ಮೇಜಿನಲ್ಲಿ ಮಾಡಿ ತೋರಿಸುತ್ತಿದ್ದೆ. ಯಾರದೇ ದನಿ ಕೇಳಲಿ, ಅದು ನನ್ನ ಬಾಯಿಗೆ ಬಂದು ಕೂರುತ್ತಿತ್ತು. ಅಜ್ಜಿ ನನ್ನನ್ನು ಕೋಡಂಗಿ ಎಂದೇ ಕರೆಯುತ್ತಿದ್ದಳು. ದುರದೃಷ್ಟಕ್ಕೆ ಆ ವಸಂತದಲ್ಲೇ ನನ್ನ ಸ್ವಂತ ದನಿ ಒಡೆಯತೊಡಗಿತ್ತು. ಹೆಂಗಸರ ದನಿ ತೆಗೆಯಲು ಹೋದರೆ ನಡುವೆ ಎಮ್ಮೆ ನುಗ್ಗುತ್ತಿತ್ತು. ಎಲ್ಲರ ದನಿಯೂ ಗೊತ್ತಿದ್ದ ನನಗೆ ನನ್ನದು ಯಾವುದೆಂದು ಮಾತ್ರ ಬೆಳಗೆದ್ದು ಬಾಯಿ ತೆರೆಯುವವರೆಗೂ ತಿಳಿಯುತ್ತಿರಲಿಲ್ಲ.

ಲಾಕ್‌ಡೌನ್ ಇರುವಷ್ಟು ಕಾಲ ಯಾರನ್ನೂ ಬಾಡಿಗೆ ಮನೆಯಿಂದ ಬಿಡಿಸುವಂತಿಲ್ಲ ಎಂದು ಸರ್ಕಾರವೇ ಹೇಳಿತ್ತು. ರೇಡಿಯೋದಲ್ಲಿ ಬಂದಿತ್ತು, ಅಪ್ಪನೂ ಕೇಳಿದ್ದರು.

“ಕಾನೂನು ಇದೆ ಕಣೇ, ಇಲ್ಲ ಅಂದ್ನಾ? ಆದ್ರೆ ಪಾಪ, ಮರ್ಯಾದೆಯಾಗಿ ಕೇಳ್ತಿದಾರೆ. ನಾವೂ ಮರ್ಯಾದೆಯಾಗಿ ಬಿಟ್ಟುಕೊಡ್ಬೇಕು. ನಾಳೆ ಇನ್ನೊಂದು ಮನೆಗೆ ಹೋದ್ರೆ ಇವ್ರೇ ತಾನೆ ಒಂದು ಒಳ್ಳೆ ಮಾತು ಹೇಳ್ಬೇಕಾದೋರು.”

“ಇನ್ನೊಂದು ಮನೆ ಎಲ್ಲಿದೆ?” ಎಂದಳು ಅಮ್ಮ. “ನಾನೆಲ್ಲಿ ಕೆಲಸ ಮಾಡೋದು ಅಂತ ಕೇಳಿದ ಮೇಲೆ ಯಾರು ಬಾಗಿಲು ತೆಗೀತಾರೆ?”

ಇನ್ನೊಂದು ಮನೆ ಇರಲಿಲ್ಲ. ಇದ್ದದ್ದು ಅಪ್ಪನ ಗೆಳೆಯ ರವಿ ಅಂಕಲ್ಲಿನ ಅಪಾರ್ಟ್‌ಮೆಂಟಿನ ಹಾಲ್. ರವಿ ಅಂಕಲ್ಲಿನ ಹೆಂಡತಿ ಬಸುರಿ. ಹಾಗಾಗಿ ಅಪ್ಪ, ಅಜ್ಜಿ, ನಾನು ಅಲ್ಲಿ ಚಾಪೆ ಹಾಸಬಹುದಿತ್ತು, ಅಮ್ಮ ಬರುವಂತಿರಲಿಲ್ಲ. ಅವಳಿಗೆ ತಾನು ಕೆಲಸ ಮಾಡುತ್ತಿದ್ದ ನರ್ಸಿಂಗ್ ಹೋಮಿನ, ಅಂದರೆ ಇಲ್ಲಿನ ವೃದ್ಧಾಶ್ರಮದ, ಹಿಂದಿನ ಒಂದು ಕೋಣೆ ಸಿಗುತ್ತಿತ್ತು, ಈ ಕಾಯಿಲೆಯ ಗಲಾಟೆ ಮುಗಿಯುವವರೆಗೆ. ಮುಗಿಯುವುದು ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಇದನ್ನೆಲ್ಲ ಪ್ರಾಜೆಕ್ಟಿನ ಪ್ಲಾನ್ ಹೇಳುವ ದನಿಯಲ್ಲೇ ಹೇಳಿದರು. ಮನೆ ಬಿಡುವುದೆಂದರೆ ಅಮ್ಮನನ್ನು ಬಿಡುವುದು ಎಂದು ನನಗೆ ಅರ್ಥವಾಗುವಷ್ಟರಲ್ಲಿ ಅಜ್ಜಿ ತಟ್ಟೆಯ ಮುಂದಿನಿಂದ ಎದ್ದುಹೋಗಿದ್ದಳು.

ಡಬ್ಲಿನ್ನಿನ ಅಂಚಿನ ಕ್ಯಾಸಲ್‌ನಾಕ್‌ನ ಆ ಮನೆ ದೊಡ್ಡದೇನಲ್ಲ. ಕೆಳಗೆ ಬೀದಿಯ ಕಡೆಗೊಂದು ಕೋಣೆ, ಹಿಂದೆ ಅಡುಗೆಮನೆ, ಮೇಲೆ ಮೂರು ಮಲಗುವ ಕೋಣೆ. ಅದರಲ್ಲಿ ಮೂರನೆಯದು ಎಷ್ಟು ಚಿಕ್ಕದೆಂದರೆ ಅಪ್ಪ ಅಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸು ಮಾಡುವಾಗ ಆಕಳಿಸಬೇಕೆಂದರೂ ಬಾಗಿಲು ತೆರೆಯಬೇಕಿತ್ತು. ಮಹಡಿಯ ಮೆಟ್ಟಿಲ ತುದಿಯಲ್ಲಿ ಇಲ್ಲಿನವರು ಹಾಟ್ ಪ್ರೆಸ್ ಎನ್ನುವ ಬೆಚ್ಚನೆಯ ಕಪಾಟು. ಅದರೊಳಗೆ ಬಿಸಿನೀರಿನ ತಾಮ್ರದ ಹಂಡೆ, ಅದಕ್ಕೆ ಇಮ್ಮರ್ಶನ್ ಎಂಬ ಕರೆಂಟಿನ ಕಾಯಿಸುವ ಕಡ್ಡಿ. ಈ ದೇಶದಲ್ಲಿ ಇಮ್ಮರ್ಶನ್ ಆಫ್ ಮಾಡದೆ ಮನೆಯಿಂದ ಹೊರಟವನಿಗಿಂತ ದೊಡ್ಡ ಪಾಪಿ ಇಲ್ಲ. ಬಾಡಿಗೆಗೆ ಬಂದ ದಿನ ಡರ್ಮಟ್ ಹೇಳಿದ ಒಂದೇ ನಿಯಮ ಅದು. ಅಜ್ಜಿ ಮಾತ್ರ ಆ ಕಪಾಟನ್ನು ನೋಡಿದ ಕೂಡಲೇ ಅದು ಯಾತಕ್ಕೆ ಹುಟ್ಟಿದ್ದೆಂದು ಕಂಡುಕೊಂಡಳು. ಐರ್ಲೆಂಡಿನ ಚಳಿಯಲ್ಲಿ ಹುಳಿ ಬರದೆ ಮುನಿಸಿಕೊಂಡಿದ್ದ ದೋಸೆ ಹಿಟ್ಟು ಅಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಉಬ್ಬಿ ಮುಚ್ಚಳ ಎತ್ತುತ್ತಿತ್ತು. ಮೊಮ್ಮಗನನ್ನು ನೋಡಲೆಂದು ಬಂದಿದ್ದ ಅಜ್ಜಿ, ವಿಮಾನಗಳು ನಿಂತು ಅಲ್ಲೇ ಸಿಕ್ಕಿಕೊಂಡಿದ್ದಳು. ಅವಳ ಜೊತೆಗೆ ಅವಳ ಮುಸುರೆಯೂ ಬಂದಿತ್ತು. ಅನ್ನ ಮುಟ್ಟಿದ ಕೈಯಲ್ಲಿ ಹಾಲು ಮೊಸರಿನ ಪಾತ್ರೆ ಮುಟ್ಟುವಂತಿಲ್ಲ. ನಡುವೆ ಕೈ ತೊಳೆಯಲೇಬೇಕು. ಇಡೀ ಲೋಕ ಕೈ ತೊಳೆಯುವುದನ್ನು ಕಲಿಯುತ್ತಿದ್ದ ಆ ತಿಂಗಳು ಅಜ್ಜಿ, “ಈಗ ಬುದ್ಧಿ ಬಂತಾ ಇವ್ರಿಗೆ,” ಎಂದು ಟೀವಿಯನ್ನು ಕೇಳುತ್ತಿದ್ದಳು.

ಅಮ್ಮ ಕೆಲಸದಿಂದ ಬರುವ ಕ್ರಮವೇ ಬೇರೆ. ಪಕ್ಕದ ಸಂದಿಯಿಂದ ಹಿತ್ತಿಲಿಗೆ ಬಂದು, ಹೊರಗಿನ ಬಟ್ಟೆಯನ್ನು ಬಕೆಟ್ಟಿನ ಸೋಪಿನ ನೀರಿಗೆ ಹಾಕಿ, ಗೌನು ಸುತ್ತಿಕೊಂಡು ಸೀದಾ ಸ್ನಾನಕ್ಕೆ. ಸಾವಿನ ಮನೆಯಿಂದ ಬಂದವರು ಹಾಗೆ ಬರುತ್ತಾರೆ. ಆ ಮಾತನ್ನು ಅಜ್ಜಿ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ, ಬಿಸಿನೀರು ಮಾತ್ರ ಕಾಯಿಸಿಟ್ಟಿರುತ್ತಿದ್ದಳು. ಅಮ್ಮ ಮಲಗುತ್ತಿದ್ದದ್ದು ಕೆಳಗಿನ ಬೀದಿ ಕೋಣೆಯಲ್ಲಿ ಒಬ್ಬಳೇ. ಮೊದಲೆಲ್ಲ ಅಲ್ಲಿನ ಮುದುಕರ ಸುದ್ದಿ ಹೇಳಿ ನಗಿಸುತ್ತಿದ್ದಳು. ಮಾರೀನ್ ಎಂಬ ಮುದುಕಿ ಯಾರು ಒಳಗೆ ಬಂದರೂ ಕೈಚೀಲ ಎತ್ತಿಕೊಂಡು, “ಬಸ್ಸು ಬಂತೇನಮ್ಮಾ?” ಎನ್ನುತ್ತಿದ್ದಳಂತೆ. ನಾನು ಮಾರೀನಳನ್ನು ನೋಡಿದ್ದೇ ಇಲ್ಲ. ಅಮ್ಮನ ಅಣಕವನ್ನು ಅಣಕಿಸುತ್ತಿದ್ದೆ. ದಿನಾ ಅಮ್ಮ ಸ್ನಾನ ಮುಗಿಸಿ ಅಡುಗೆಮನೆಗೆ ಬರುವಾಗ ಬಾಗಿಲಲ್ಲಿ ನಿಂತು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ಕೇಳುತ್ತಿದ್ದೆ.

“ಬಸ್ಸು ಬಂತೇನಮ್ಮಾ?”

ಒಂದು ಸಂಜೆ ಅಮ್ಮ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

“ಬಂತು ಕಣೋ. ಇವತ್ತು ಬೆಳಿಗ್ಗೆ.”

ಆಮೇಲೆ ಕೆಲವು ದಿನ ನಾನು ಯಾರ ದನಿಯನ್ನೂ ತೆಗೆಯಲಿಲ್ಲ.

ಡರ್ಮಟ್ ಮುಂದಿನ ಶನಿವಾರ ಬಂದು ಕಿಟಕಿಗಳ ಅಳತೆ ತೆಗೆದುಕೊಳ್ಳುವೆನೆಂದು ಹೇಳಿದ್ದರು. ಮಗಳಿಗೆ ಹೊಸ ಪರದೆ ಬೇಕಂತೆ. ಅವರಿದ್ದದ್ದು ಎರಡು ತಿರುವಿನಾಚೆ, ಹಾಗಾಗಿ ಲಾಕ್‌ಡೌನ್ ಹಾಕಿದ ದೂರದ ಮಿತಿ ಅಡ್ಡಿಯಿರಲಿಲ್ಲ. ಅಪ್ಪ ಅವತ್ತಿನಿಂದಲೇ ಮನೆ ಒಪ್ಪಮಾಡತೊಡಗಿದರು. ದೇವರ ಪಟಕ್ಕೆ ಹೊಡೆದಿದ್ದ ಮೊಳೆ ಕಿತ್ತು ತೂತಿಗೆ ಟೂತ್‌ಪೇಸ್ಟ್ ತುಂಬಿದರು. ಇಡೀ ಮನೆ ಪುದೀನಾ ವಾಸನೆ ಹೊಡೆಯುತ್ತಿತ್ತು. ಗೋಡೆಯ ಮೇಲೆ ನಾನು ಬೆಳೆದ ಎತ್ತರದ ಗೆರೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಆಫೀಸಿನ ಕಾಲ್ ಇಲ್ಲದಾಗಲೆಲ್ಲ ಕೈಯಲ್ಲೊಂದು ಪೊರಕೆ. ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಅಡ್ಡಡ್ಡ ಮಲಗಿ ಬಂದಿದ್ದ ಹುಲ್ಲಿನ ಪೊರಕೆ ಅದು. ಗುಡಿಸುತ್ತ, ಡರ್ಮಟ್ಟಿನ ಮಗಳಿಗೆ ಏನೇನು ತೋರಿಸಬೇಕೆಂದು ಒಬ್ಬರೇ ಇಂಗ್ಲಿಷಿನಲ್ಲಿ ರಿಹರ್ಸಲ್ ಮಾಡುತ್ತಿದ್ದರು. ಬಾಗಿಲು ಮಳೆಗಾಲದಲ್ಲಿ ಸ್ವಲ್ಪ ಉಬ್ಬುತ್ತದೆ, ಭುಜ ಕೊಟ್ಟು ತಳ್ಳಬೇಕು. ಇಮ್ಮರ್ಶನ್ ಸ್ವಿಚ್ ಸ್ವಲ್ಪ ಹಟಮಾರಿ.

“ನಾವು ಹೊರಡ್ತಿದೀವೋ, ಅವರ ಮಗಳ ಮದುವೆ ಮಾಡ್ತಿದೀವೋ?” ಎಂದಳು ಅಮ್ಮ.

“ಇಂಡಿಯನ್ಸು ಮನೆ ಗಲೀಜು ಮಾಡಿಟ್ಟು ಹೋದ್ರು ಅನ್ನಿಸ್ಕೋಬಾರ್ದು,” ಎಂದರು ಅಪ್ಪ.

ನಮ್ಮ ಹಿತ್ತಿಲ ಬೇಲಿಯಾಚೆ ಮಿಸೆಸ್ ಸೀಗಲ್ ಇದ್ದರು. ಎಂಬತ್ತರ ಅಂಚಿನ ವಿಧವೆ, ಯೆಹೂದಿ ಹೆಂಗಸು, ಮಾತು ಅಪ್ಪಟ ಡಬ್ಲಿನ್. ಆ ದಿನಗಳಲ್ಲಿ ವಯಸ್ಸಾದವರು ಗೇಟು ದಾಟುವಂತಿರಲಿಲ್ಲ. ಅದಕ್ಕೆ ಸರ್ಕಾರ ‘ಕಕೂನಿಂಗ್’, ಅಂದರೆ ಹುಳದ ಹಾಗೆ ಗೂಡಿನೊಳಗಿರುವುದು, ಎಂದು ಹೆಸರಿಟ್ಟಿತ್ತು. “ಈ ವಯಸ್ಸಲ್ಲಿ ಗೂಡಿನಿಂದ ಚಿಟ್ಟೆ ಏನೂ ಹೊರಗೆ ಬರಲ್ಲ ಮಗಾ,” ಎನ್ನುತ್ತಿದ್ದರು. ಬೇಲಿಯ ಈಚೆ ಅಜ್ಜಿ ಬಟ್ಟೆ ಹರವುವಾಗ ಆಚೆ ಅವರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಇಬ್ಬರಿಗೂ ಒಂದೇ ಭಾಷೆ ಇರಲಿಲ್ಲ, ನಡುವೆ ನಾನಿದ್ದೆ. ಅಜ್ಜಿಯ ಮಾತನ್ನು ಡಬ್ಲಿನ್ ಮುದುಕಿಯ ದನಿಯಲ್ಲೂ ಅವರ ಮಾತನ್ನು ಮೈಸೂರಿನ ಚಾಮುಂಡಿಪುರದ ದನಿಯಲ್ಲೂ ತಲುಪಿಸುತ್ತಿದ್ದೆ. ಮಿಸೆಸ್ ಸೀಗಲ್‌ರ ಅಡುಗೆಮನೆಯಲ್ಲಿ ಹಾಲಿನ ಪದಾರ್ಥಕ್ಕೊಂದು, ಮಾಂಸಕ್ಕೊಂದು ಎಂದು ಎರಡು ಸಿಂಕು, ಎರಡು ಜೊತೆ ಪಾತ್ರೆ ಎಂದು ತಿಳಿದ ದಿನ ಅಜ್ಜಿ ಬಟ್ಟೆಯ ಕ್ಲಿಪ್ಪನ್ನು ಬಾಯಿಂದ ತೆಗೆದು, “ಮುಸುರೆ ಗೊತ್ತಿರೋರು,” ಎಂದಳು. ಮಾಂಸದ ವಿಷಯವನ್ನು ಕೇಳದವಳ ಹಾಗೆ ಬಿಟ್ಟಳು.

ಅಂಗಡಿಗಳಲ್ಲಿ ಹಿಟ್ಟು ಸಿಗದ ಕಾಲ ಅದು. ಮನೆಯಲ್ಲಿ ಕೂತ ಐರ್ಲೆಂಡ್ ಪೂರ್ತಿ ಬ್ರೆಡ್ ಸುಡುತ್ತಿತ್ತು. ಅಂಥದರಲ್ಲಿ ಮಿಸೆಸ್ ಸೀಗಲ್ ಒಂದು ಬೆಳಿಗ್ಗೆ ಬೇಲಿಯ ಮೇಲಿಂದ ನೀಲಿ ಮುಚ್ಚಳದ ದೊಡ್ಡ ಡಬ್ಬಿಯೊಂದನ್ನು ಈಚೆ ಇಳಿಸಿದರು. ತುಂಬ ಗೋಧಿ ಹಿಟ್ಟು. ಅವರ ಪಾಸೋವರ್ ಹಬ್ಬ ಬರುತ್ತಿತ್ತು. ಹಬ್ಬದೊಳಗೆ ಮನೆಯಲ್ಲಿರುವ ಗೋಧಿ ಹಿಟ್ಟು, ಬ್ರೆಡ್ಡು, ಬಿಸ್ಕತ್ತು ಎಲ್ಲ ಖಾಲಿಯಾಗಬೇಕಂತೆ. ಅಜ್ಜಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಹಿಟ್ಟನ್ನು ನಮ್ಮ ಡಬ್ಬಿಗೆ ಸುರಿದುಕೊಂಡು ನೀಲಿ ಡಬ್ಬಿ ತೊಳೆದಿಟ್ಟಳು. ತೊಳೆದಿಟ್ಟ ಡಬ್ಬಿ ಅವಳ ಮನಸ್ಸಿನ ಮೇಲೆ ಕೂತಿತು. ಬೇರೆಯವರ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡುವುದು ಅವಳ ಲೋಕದಲ್ಲಿ ಇಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಹಬ್ಬ ಬೇರೆ ಎಂದಿದ್ದಾರೆ, ಸಕ್ಕರೆ ಸಾಲದು. ಹೀಗೆ ಯೋಚಿಸಿ ಅಜ್ಜಿ, ಪಾಸೋವರ್ ನಡೆಯುತ್ತಿದ್ದ ವಾರದ ನಟ್ಟನಡುವೆ, ಅವರದೇ ಗೋಧಿ ಹಿಟ್ಟಿನಲ್ಲಿ ಬೇಳೆ ಹೋಳಿಗೆ ಮಾಡಿ, ತುಪ್ಪ ಸವರಿ, ನೀಲಿ ಡಬ್ಬಿಯ ತುಂಬ ಜೋಡಿಸಿ ಬೇಲಿಯ ಮೇಲಿಟ್ಟಳು.

ಮಿಸೆಸ್ ಸೀಗಲ್ ನಗುತ್ತ ಬಂದರು. ಮುಚ್ಚಳ ತೆಗೆದರು. ತಟ್ಟನೆ ಎರಡೂ ಕೈ ಎದೆಗೆ ಎಳೆದುಕೊಂಡು ಹಿಂದಕ್ಕೆ ಸರಿದರು.

ಹಾಗೆ ಸರಿಯುವವರನ್ನು ನಾವು ಆ ತಿಂಗಳು ನೋಡುತ್ತಲೇ ಇದ್ದೆವು. ಅಮ್ಮ ಗೇಟಿನಿಂದ ಹೊರಬಂದರೆ ಎದುರು ಮನೆಯವರು ನಾಯಿಯನ್ನು ಎಳೆದುಕೊಂಡು ರಸ್ತೆ ದಾಟುತ್ತಿದ್ದರು. ಅಜ್ಜಿ ನನ್ನ ಕಡೆ ತಿರುಗಲಿಲ್ಲ.

“ಇವ್ರೂನಾ,” ಎಂದಳು, ಅಷ್ಟೇ. ಡಬ್ಬಿಗೆ ಕೈ ಹಾಕಿದಳು.

“ಇಲ್ಲ ಇಲ್ಲ, ಹೇಳು ಅವರಿಗೆ,” ಎಂದರು ಮಿಸೆಸ್ ಸೀಗಲ್, ಡಬ್ಲಿನ್ ದನಿ ಪೂರ್ತಿ ಏರಿ. “ನಾನು ಹಿಂದೆ ಸರಿದಿದ್ದು ನಿಮ್ಮಿಂದಲ್ಲ, ನಿನ್ನ ಅಮ್ಮನಿಂದಲೂ ಅಲ್ಲ. ಗೋಧಿ ಕಣಪ್ಪ, ಗೋಧಿ. ಈ ವಾರ ಅದು ನನ್ನ ಕಣ್ಣಿಗೂ ಬೀಳಬಾರದು. ದೇವರೇ, ಆ ಹಿಟ್ಟನ್ನು ಮನೆಯಿಂದ ಓಡಿಸಿದರೆ ತುಪ್ಪ ಹಚ್ಚಿಕೊಂಡು ವಾಪಸ್ ಬಂದಿದೆಯಲ್ಲ.”

ನಾನು ಹೇಳಿದೆ. ಅಜ್ಜಿಯ ಮುಖ ಸಡಿಲವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಡಬ್ಬಿಯನ್ನು ತಾನೇ ದೂರ ಇಟ್ಟು, ಕೈ ತೊಳೆದುಕೊಂಡು ಬಂದು, ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡಳು. ಮಡಿ ಕೆಡಿಸುವ ಭಯ ಅವಳಿಗೆ ಯಾರೂ ಅನುವಾದಿಸಬೇಕಾಗಿರಲಿಲ್ಲ. ಹೋಳಿಗೆಯನ್ನು ಹಬ್ಬ ಮುಗಿಯುವವರೆಗೆ ನಮ್ಮ ಫ್ರೀಜರಿನಲ್ಲಿಡುವುದು ಎಂದು ತೀರ್ಮಾನವಾಯಿತು. ಅಜ್ಜಿ ಕೇಳಿದಳು:

“ಹಬ್ಬದ ದಿನ ಒಬ್ರೇ ಊಟ ಮಾಡಿದ್ರಾ ಅಂತ ಕೇಳೋ.”

ಒಬ್ಬರೇ ಮಾಡಿದ್ದರು. ಪ್ರತಿವರ್ಷ ತುಂಬಿದ ಮೇಜು. ಊಟದ ನಡುವೆ ಹಿಂದಿನ ಕಾಲದವರು ಈಜಿಪ್ಟ್ ಬಿಟ್ಟು ಹೊರಟ ಕಥೆ ಹೇಳಬೇಕು. ಅವರ ಮನೆಯಲ್ಲಿ ಊಟ ಮುಗಿದ ಮೇಲೆ ಇನ್ನೊಂದು ಕಥೆ ಇತ್ತು, ಅದು ಬೇರೆ ಯಾವ ಮನೆಯಲ್ಲೂ ಇಲ್ಲ. ಅದನ್ನು ಅವರ ತಮ್ಮ ಎದ್ದುನಿಂತು ಅಣಕಿಸಿ ತೋರಿಸುತ್ತಿದ್ದ. ಆ ತಮ್ಮ ಚಳಿಗಾಲದಲ್ಲಿ ತೀರಿಕೊಂಡಿದ್ದ.

“ಅಣಕಿಸೋದಾ?” ಎಂದೆ ನಾನು. ನಮ್ಮ ಕೋಡಂಗಿ ಜಾತಿಯವರು ಲೋಕದಲ್ಲಿ ಇನ್ನೂ ಇದ್ದಾರೆಂದು ಕೇಳಿ ಕಿವಿ ನೆಟ್ಟಗಾಯಿತು.

ಅವರಜ್ಜಿಯ ಅಪ್ಪನ ಹೆಸರು ಮೆಂಡೆಲ್. ಝಾರ್ ದೊರೆಗಳ ಕಾಲ, ಲಿಥುವೇನಿಯಾದ ಗಡಿಗೆ ಹತ್ತಿರದ ಒಂದು ಹಳ್ಳಿ. ಯೆಹೂದಿಗಳ ಮನೆ ಅಲ್ಲಿ ಕೆಲವೇ. ಒಂದು ದಿನ ಕುದುರೆಯ ಮೇಲೆ ಪೊಲೀಸಿನವನು ಬಂದು ಹುಕುಂ ಓದಿದ: ಯೆಹೂದಿಗಳು ಇನ್ನು ಮೇಲೆ ಈ ಹಳ್ಳಿಯಲ್ಲಿ ಇರಕೂಡದು, ನಾಳೆ ಸೂರ್ಯ ನೆತ್ತಿಗೇರುವಷ್ಟರಲ್ಲಿ ಎಲ್ಲ ಕುಟುಂಬಗಳೂ ಹೊರಟಿರಬೇಕು. ಅಂಥ ಹುಕುಂಗಳು ಆ ಸೀಮೆಯಲ್ಲಿ ಹೊಸದಲ್ಲವಂತೆ. ಊರಿನ ಬೇರೆಯವರು ಕಲ್ಲು ಹೊಡೆಯಲಿಲ್ಲ. ಟೋಪಿ ಕೈಯಲ್ಲಿ ಹಿಡಿದು, ಮುಖ ಸಣ್ಣ ಮಾಡಿಕೊಂಡು ಬಂದರು. ಒಬ್ಬ ಹಸುವಿನ ಹಲ್ಲು ನೋಡಿದ. ಒಬ್ಬಳು ಹಾಸಿಗೆ ಒತ್ತಿ ನೋಡಿದಳು. ಮನೆ ಯಾರಿಗೆ ಸಿಗುವುದಿತ್ತೋ ಆ ಯೋನಾಸ್ ಒಳ್ಳೆಯ ಮನುಷ್ಯ, ತುಂಬ ಬೇಜಾರು ಮಾಡಿಕೊಂಡು ಕಿಟಕಿಯ ಅಗಲವನ್ನು ಗೇಣಿನಲ್ಲಿ ಅಳೆದ.

“ಮೆಂಡೆಲ್ ಏನು ಮಾಡಿದ ಗೊತ್ತಾ?” ಮಿಸೆಸ್ ಸೀಗಲ್ ಎದ್ದುನಿಂತರು. ಬೆನ್ನು ಸ್ವಲ್ಪ ಬಗ್ಗಿತು, ಮುಖದ ಮೇಲೆ ಒಂದು ವಿಪರೀತ ಸಭ್ಯವಾದ ನಗು ಬಂತು. “ಯೋನಾಸನನ್ನು ಕರಕೊಂಡು ಹೋಗಿ ಒಲೆ ತೋರಿಸಿದ. ನೋಡು ಯೋನಾಸ್, ಒಲೆಯ ಈ ತಗಡು ಥಂಡಿ ದಿನ ಸ್ವಲ್ಪ ಹಿಡ್ಕೊಳತ್ತೆ. ಎಡಗಡೆಯಿಂದ ಮೆತ್ತಗೆ ತಟ್ಟು, ಸರಿಹೋಗತ್ತೆ. ಹೊರಗೆ ಬಂಡಿ ಕಟ್ಟಿದೆ, ಹೆಂಡತಿ ಫ್ರೇಡಾ ಗಂಟುಮೂಟೆಯ ಮೇಲೆ ಕೂತಿದಾಳೆ, ಪಕ್ಕದಲ್ಲಿ ಮಗಳು, ಅವಳೇ ನನ್ನಜ್ಜಿ. ಕಾಯ್ತಿದಾರೆ, ಕಾಯ್ತಿದಾರೆ. ಒಳಗಿಂದ ಸದ್ದು: ಸರ್, ಸರ್, ಸರ್. ಮನುಷ್ಯ ನೆಲ ಗುಡಿಸ್ತಿದಾನೆ. ಯೆಹೂದಿಗಳು ಕಸ ಬಿಟ್ಟು ಹೋದ್ರು ಅಂತ ಯಾರೂ ಅನ್ನಬಾರದಂತೆ.”

ಅಲ್ಲಿಂದ ಬಂಡಿಯಲ್ಲಿ ಹೊರಟು, ಹಡಗು ಹತ್ತಿ, ಕೊನೆಗೆ ಡಬ್ಲಿನ್ನಿನಲ್ಲಿ ಇಳಿದರು. ದಾರಿಯುದ್ದಕ್ಕೂ ಫ್ರೇಡಾ ಗಂಡನ ಹತ್ತಿರ ಮಾತಾಡಲಿಲ್ಲವಂತೆ. ಎಷ್ಟೋ ವರ್ಷದ ಮೇಲೆ ಒಂದು ಹಬ್ಬದ ಊಟದಲ್ಲಿ ಅವಳೇ ಮೊದಲ ಸಲ ಎದ್ದು ಗಂಡನ ಎದುರೇ ಅವನನ್ನು ಅಣಕಿಸಿದಳಂತೆ. ಎಲ್ಲರಿಗಿಂತ ಮೊದಲು ನಕ್ಕವನು ಮೆಂಡೆಲ್.

“ಹೋಗಲೇಬೇಕಿತ್ತು ಅವರು, ಬೇರೆ ದಾರಿ ಇರಲಿಲ್ಲ,” ಎಂದರು ಮಿಸೆಸ್ ಸೀಗಲ್, ಕುರ್ಚಿಯಲ್ಲಿ ಕೂರುತ್ತ. “ಗುಡಿಸಬೇಕಿರಲಿಲ್ಲ.”

ನಾನು ಅಜ್ಜಿಗೆ ಅರ್ಧ ಹೇಳುವಷ್ಟರಲ್ಲಿ ಅವಳ ಬಣ್ಣ ಬದಲಾಗಿತ್ತು.

“ತನ್ನ ಹಿಂದೆ ತಾನೇ ಗುಡಿಸ್ಕೊಂಡ್ನಾ? ಜೀವ ಇರೋರು ಮನೆ ಬಿಟ್ಟ ತಕ್ಷಣ ಯಾರಾದ್ರೂ ಗುಡಿಸ್ತಾರೇನೋ? ಊರಿಗೆ ಹೊರಟೋರ ಹಿಂದೆ ಪೊರಕೆ ಮುಟ್ಟಬಾರದು. ಹೆಣ ಎತ್ತಿದ ಮೇಲೆ ಗುಡಿಸೋದು.”

ಇದನ್ನು ನಾನು ಮಿಸೆಸ್ ಸೀಗಲ್‌ಗೆ ಹೇಳಿದೆ, ಈ ಸಲ ಯಾವ ದನಿಯನ್ನೂ ಹಾಕದೆ. ಅವರು ನಮ್ಮ ಮನೆಯ ಕಡೆ ಕಿವಿಗೊಟ್ಟರು. ನಮ್ಮ ಅಡುಗೆಮನೆಯ ತೆರೆದ ಬಾಗಿಲಿನಿಂದ ಸರ್, ಸರ್ ಎಂದು ಕೇಳುತ್ತಿತ್ತು. ಅಪ್ಪ ಊಟದ ಬ್ರೇಕಿನಲ್ಲಿದ್ದರು.

ಆ ಸಂಜೆ ಚಪಾತಿ ಲಟ್ಟಿಸುತ್ತ ಅಜ್ಜಿ ಹೇಳಿದಳು: “ನಿಮ್ಮಮ್ಮಂಗೆ ಮಾಡಿ ತೋರ್ಸೋ ಆ ಗುಡಿಸೋನ್ನ.” ಅಮ್ಮ ಸ್ನಾನ ಮುಗಿಸಿ ಕೂತಿದ್ದಳು. ನಾನು ಎದ್ದೆ. ಪೊಲೀಸಿನವನು ಸುಲಭ, ಒಡೆದ ದನಿಗೆ ಕುದುರೆಯೂ ಪೊಲೀಸೂ ಒಟ್ಟಿಗೆ ಬಂದವು. ಮೆಂಡೆಲ್ ಮಾತ್ರ ಕಷ್ಟ. ಸತ್ತ ತಮ್ಮನನ್ನು ಅಕ್ಕ ಅಣಕಿಸಿದ್ದನ್ನಷ್ಟೇ ನಾನು ನೋಡಿದ್ದು. ಮನೆ ಕಿತ್ತುಕೊಳ್ಳುವವನಿಗೆ ಒಲೆ ತೋರಿಸುವ ಸಭ್ಯ ಮನುಷ್ಯನ ದನಿ ಎಲ್ಲಿಂದ ತರುವುದು ಎಂದು ಯೋಚಿಸುವ ಮೊದಲೇ ಅದು ಬಾಯಿಗೆ ಬಂದಿತ್ತು.

“ನೋಡಿ ಯೋನಾಸ್, ಥಂಡಿ ದಿನ ಇದು ಸ್ವಲ್ಪ ಹಿಡ್ಕೊಳತ್ತೆ. ಎಡಗಡೆಯಿಂದ ಮೆತ್ತಗೆ ತಟ್ಟಿ. ಗ್ರ್ಯಾಂಡ್ ಆಗತ್ತೆ. ಗ್ರ್ಯಾಂಡ್.”

ಅಮ್ಮ ನಕ್ಕಳು. ಮಾರೀನಳ ಬಸ್ಸು ಬಂದ ಮೇಲೆ ಮೊದಲ ಸಲ. ನಕ್ಕು, ಬಾಗಿಲ ಕಡೆ ನೋಡಿ, ಬಾಯಿಗೆ ಕೈ ಒತ್ತಿಕೊಂಡಳು. ಅಪ್ಪ ಬೆರಳ ತುದಿಯಲ್ಲಿ ಟೂತ್‌ಪೇಸ್ಟ್ ಹಿಡಿದು ಅಲ್ಲೇ ನಿಂತಿದ್ದರು.

“ಯಾರದು?”

“ಮೆಂಡೆಲ್ ಅಂತ.”

“ಯಾವ ಕಂಪನಿ?”

ನಾನು ಕಥೆಯನ್ನು ಮೊದಲಿನಿಂದ ಹೇಳಿದೆ. ಅಪ್ಪ ಕೂರಲಿಲ್ಲ, ನಿಂತೇ ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಬೆರಳನ್ನೇ ನೋಡಿ, “ಆ ಒಲೆ ಆಮೇಲೆ ಸರಿಯಾಗಿ ಉರೀತಂತಾ?” ಎಂದು ಕೇಳಿದರು. ಮೇಲೆ ಹೋಗಿ ಉಳಿದ ತೂತುಗಳನ್ನು ತುಂಬಿದರು. ಒಂದು ಕಥೆ ಕೇಳಿ ಮನುಷ್ಯ ಬದಲಾಗುವುದಾದರೆ ನಮ್ಮಪ್ಪ ಹರಿಕಥೆ ಕೇಳಿಯೇ ಎಂದೋ ಬದಲಾಗಿರುತ್ತಿದ್ದರು.

ಶನಿವಾರ ಬೆಳಿಗ್ಗೆ ಪೊರಕೆ ಕಾಣಲಿಲ್ಲ. ಮೆಟ್ಟಿಲ ಕೆಳಗೆ, ಬಾಗಿಲ ಹಿಂದೆ, ಹಿತ್ತಿಲಲ್ಲಿ, ಎಲ್ಲೂ ಇಲ್ಲ. ಅಪ್ಪ ಕಸ ಹೀರುವ ಹೂವರ್ ಮೆಷಿನ್ ಹೊರಗೆ ಎಳೆದರೆ ಅದರ ಪೈಪೇ ಇಲ್ಲ. ಅಜ್ಜಿ ಒಲೆಯ ಮುಂದೆ ಬೆನ್ನು ತಿರುಗಿಸಿ ಒಗ್ಗರಣೆಯಲ್ಲಿ ಮಗ್ನಳಾಗಿದ್ದಳು. ನಾನು ಕಿಟಕಿಯಿಂದ ಹಿತ್ತಿಲು ನೋಡಿದೆ. ಬೇಲಿಯಾಚೆ ಮಿಸೆಸ್ ಸೀಗಲ್ ಬಿಸಿಲಿಗೆ ಕೂತಿದ್ದರು, ತೊಡೆಯ ಮೇಲೆ ಮಲಗಿದ ಹೆಬ್ಬಾವಿನ ಹಾಗೆ ಹೂವರ್ ಪೈಪು, ಕುರ್ಚಿಗೆ ಒರಗಿಸಿದ ಮೈಸೂರಿನ ಪೊರಕೆ. ನನ್ನನ್ನು ಕಂಡು ಪೇಪರ್ ಎತ್ತಿ ಮುಖ ಮುಚ್ಚಿಕೊಂಡರು.

“ಅಮ್ಮಾ, ಪೊರಕೆ ನೋಡಿದ್ಯಾ?” ಎಂದರು ಅಪ್ಪ.

“ನಂಗೇನ್ ಗೊತ್ತೋ,” ಎಂದಳು ಅಜ್ಜಿ. “ಹೆಣ ಎಲ್ಲಿದೆ ಅಂತ ನೀನು ಮೊದ್ಲು ಹೇಳು, ಆಮೇಲೆ ಹುಡುಕೋಣ.”

ಬೆಲ್ ಆಯಿತು. ಡರ್ಮಟ್ ತೋಟದ ಕೆಲಸದ ಕೈಗವಸು ಹಾಕಿಕೊಂಡು, ಅಳತೆಯ ಟೇಪ್ ಹಿಡಿದು, ತುಂಬ ಬೇಜಾರಿನ ಮುಖದಲ್ಲಿ ಒಳಗೆ ಬಂದರು. ಕೆಳಗಿನ ಬೀದಿ ಕೋಣೆಯ ಕಿಟಕಿ ಅಳೆದರು. ಅಲ್ಲಿ ಅಮ್ಮನ ಹಾಸಿಗೆ ಇತ್ತು. ಅದರ ಸುತ್ತ ದೂರದಿಂದ ನಡೆದರು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಗೋಡೆ ನೋಡಿ ಡರ್ಮಟ್, “ಮೊಳೆಯ ಗುರುತೂ ಇಲ್ಲವಲ್ಲ ಶ್ರೀನಿ, ನಿನ್ನಂಥವರು ಸಿಗಲ್ಲಪ್ಪ,” ಎಂದರು. ಅಪ್ಪ ಅವರನ್ನು ಮೇಲೆ ಕರೆದುಕೊಂಡು ಹೋಗಿ ಹಾಟ್ ಪ್ರೆಸ್ಸಿನ ಬಾಗಿಲು ತೆರೆದರು. ಡರ್ಮಟ್ಟಿನದೇ ಮನೆ, ಡರ್ಮಟ್ಟೇ ಕೂರಿಸಿದ ಹಂಡೆ. ಅದನ್ನು ಅವರಿಗೇ ವಿವರಿಸತೊಡಗಿದರು. ನಾನು ಮೆಟ್ಟಿಲ ನಡುವೆ ಕೂತಿದ್ದೆ.

“ಮಗಳಿಗೆ ಹೇಳಿ, ಡರ್ಮಟ್. ಈ ಸ್ವಿಚ್ಚು ಥಂಡಿ ದಿನ ಸ್ವಲ್ಪ ಹಿಡ್ಕೊಳತ್ತೆ. ಎಡಗಡೆಯಿಂದ ಮೆತ್ತಗೆ...”

ಅಲ್ಲಿಗೆ ನಿಂತಿತು. ಅಪ್ಪನ ಕೈ ಸ್ವಿಚ್ಚಿನ ಮೇಲೆಯೇ ಇತ್ತು. ಅವರು ಮೆಲ್ಲಗೆ ತಿರುಗಿ ಮೆಟ್ಟಿಲ ಮೇಲಿದ್ದ ನನ್ನನ್ನು ನೋಡಿದರು, ಆ ಮಾತನ್ನು ಅವರ ಬಾಯಿಂದ ಆಡಿಸಿದವನು ನಾನೇ ಎಂಬಂತೆ. ಹಂಡೆಯ ಪಕ್ಕದಲ್ಲಿ ಅಜ್ಜಿಯ ದೋಸೆ ಹಿಟ್ಟಿನ ಪಾತ್ರೆ ಮುಚ್ಚಳವನ್ನು ಒಂದು ಬದಿಗೆ ಎತ್ತಿಕೊಂಡು ಕೂತಿತ್ತು.

“ಇದೇನು ಶ್ರೀನಿ?” ಎಂದರು ಡರ್ಮಟ್.

“ನಾಳೆ ಬೆಳಗಿನ ತಿಂಡಿಗೆ,” ಎಂದರು ಅಪ್ಪ. ಕಪಾಟಿನ ಬಾಗಿಲು ಮುಚ್ಚಿದರು. “ನಾವು ಹೋಗಲ್ಲ ಡರ್ಮಟ್. ಈಗ ಹೋಗಲ್ಲ. ಹೋದ್ರೆ ನನ್ನ ಹೆಂಡತಿಗೆ ಮನೆ ಇಲ್ಲ. ಸಾರಿ.”

ಕೊನೆಗೊಂದು ಸಾರಿ ಇತ್ತು. ಅದಿಲ್ಲದೆ ಮಾತು ಹೊರಡುವ ಬಾಯಲ್ಲ ಅದು. ಆದರೆ ಗ್ರ್ಯಾಂಡ್ ಇರಲಿಲ್ಲ. ಡರ್ಮಟ್ ಟೇಪನ್ನು ಮಡಚಿದರು.

“ಇಲ್ಲ ಇಲ್ಲ. ಒತ್ತಾಯ ಏನಿಲ್ಲ ಅಂದಿದ್ನಲ್ಲ. ಸ್ವಲ್ಪ ನಿರಾಸೆ ಆಯ್ತು, ಅಷ್ಟೇ.”

ಐರ್ಲೆಂಡಿನಲ್ಲಿ ಇದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಅವರು ಹೋದ ಮೇಲೆ ಅಪ್ಪ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು. ಬೆರಳಲ್ಲಿ ಒಣಗಿದ್ದ ಟೂತ್‌ಪೇಸ್ಟನ್ನು ಉಗುರಿನಿಂದ ಕೆರೆಯತೊಡಗಿದರು.

ಆಮೇಲಿನ ದಿನಗಳು ಸಲೀಸಾಗಿ ಇರಲಿಲ್ಲ. ಸೂರಿನ ಅಂಚಿನ ಸೋರುವ ಗಟರ್ ಬಗ್ಗೆ ಹೇಳಿದರೆ ಡರ್ಮಟ್ಟಿನ ಫೋನು ಎತ್ತುವವರಿರಲಿಲ್ಲ. ಎದುರು ಮನೆಯ ನಾಯಿ ಮೊದಲಿನಂತೆಯೇ ರಸ್ತೆ ದಾಟುತ್ತಿತ್ತು. ಮುಂದಿನ ತಿಂಗಳು ಅಮ್ಮನಿಗೆ ಕಾಯಿಲೆ ಬಂತು. ಬೀದಿ ಕೋಣೆಯ ಮುಚ್ಚಿದ ಬಾಗಿಲಿನ ಈಚೆ ನಾನೂ ಅಪ್ಪನೂ ಸರದಿಯ ಮೇಲೆ ಕೂತು ಅವಳ ಕೆಮ್ಮು ಕೇಳುತ್ತಿದ್ದೆವು. ಅಜ್ಜಿ ಗಂಜಿಯ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು, ಬಾಗಿಲಿಗೆ ಕೈ ಇಟ್ಟು ನಿಲ್ಲುತ್ತಿದ್ದಳು. ಆ ಕೈಯನ್ನು ತೊಳೆಯಲು ಎಷ್ಟೋ ಸಲ ಮರೆಯುತ್ತಿದ್ದಳು. ಒಳಗಿಂದ ಒಂದು ದಿನ ಸಣ್ಣ ದನಿ ಬಂತು.

“ಬಸ್ಸು ಬಂತೇನೋ?”

“ಈ ರೂಟಲ್ಲಿ ಬಸ್ಸಿಲ್ಲ,” ಎಂದೆ, ಡರ್ಮಟ್ಟಿನ ಹಾಗೆ ಮೂಗಿನಲ್ಲಿ. “ಸ್ವಲ್ಪ ನಿರಾಸೆ ಆಗ್ಬಹುದು, ಅಷ್ಟೇ.”

ಅವಳು ನಕ್ಕಳು, ನಗು ಕೆಮ್ಮಾಯಿತು, ಅಪ್ಪ ನನ್ನ ತಲೆಗೆ ಮೊಟಕಿದರು. ಅಮ್ಮ ಹುಷಾರಾದಳು. ನರ್ಸಿಂಗ್ ಹೋಮಿನ ಹಿಂದಿನ ಆ ಕೋಣೆಯಲ್ಲಿ ಅವಳು ಒಬ್ಬಳೇ ಇದ್ದಿದ್ದರೆ ಎಂಬ ಮಾತನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಪೂರ್ತಿ ಆಡುವುದಿಲ್ಲ.

ಮುಂದಿನ ವರ್ಷ, ವಿಮಾನ ಸಿಕ್ಕಿ ಅಜ್ಜಿ ಊರಿಗೆ ಹೋದ ಮೇಲೆ, ಕಾನೂನಿನ ತಡೆ ಎದ್ದ ಮೇಲೆ, ಡರ್ಮಟ್ ಕ್ರಮಬದ್ಧವಾಗಿ ನೋಟಿಸ್ ಕೊಟ್ಟರು. ಅಮ್ಮನಿಗೆ ಅಷ್ಟರಲ್ಲಿ ಕಿಲ್ಕೆನ್ನಿ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು, ಅಲ್ಲೊಂದು ಮನೆಯೂ. ಅದಕ್ಕೆ ಮೊದಲು ಬಂದ ಪಾಸೋವರ್ ವಾರದಲ್ಲಿ ನಾನು ಬೇಲಿಯ ಈಚೆ ನಿಂತು ಮಿಸೆಸ್ ಸೀಗಲ್‌ಗೆ ಮೆಂಡೆಲ್‌ನನ್ನು ಮಾಡಿ ತೋರಿಸಿದ್ದೆ. ದನಿ ಅಷ್ಟರಲ್ಲಿ ಒಂದು ಕಡೆ ನಿಂತಿತ್ತು. ದುರದೃಷ್ಟಕ್ಕೆ ಥೇಟ್ ಅಪ್ಪನ ದನಿಯ ಪಕ್ಕದಲ್ಲೇ. ಅವರು ಕಣ್ಣು ಒರೆಸಿಕೊಳ್ಳುತ್ತ, “ನಮ್ಮ ಮೆಂಡೆಲ್ ಇಷ್ಟು ಮೈಸೂರಿನವನು ಅಂತ ಗೊತ್ತಿರಲಿಲ್ಲ,” ಎಂದಿದ್ದರು.

ಹೊರಡುವ ದಿನ ಸಾಮಾನು ಹೋದ ಮೇಲೆ ಮನೆ ತುಂಬ ನಮ್ಮ ಕಸ ಉಳಿದಿತ್ತು. ದಾರದ ತುಂಡು, ಸಾಸಿವೆ ಕಾಳು, ದೇವರ ಪಟದ ಹಿಂದಿನ ಒಣ ಹೂವು. ಮತ್ತೆ ಹೊಡೆದ ಮೊಳೆ ಗೋಡೆಯಲ್ಲೇ ಇತ್ತು. ಅಮ್ಮ ಪೊರಕೆ ಹಿಡಿದು, “ಒಂದ್ಸಲ ಎಳೆದುಬಿಡ್ಲಾ?” ಎಂದಳು. ಅಪ್ಪ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಹೋಗಿ ಕಾರಿನಲ್ಲಿ ನನ್ನ ತೊಡೆಯ ಮೇಲಿಟ್ಟರು. ಕೀ ಲೆಟರ್‌ಬಾಕ್ಸಿನಲ್ಲಿ ಬಿತ್ತು. ಕಾರು ತಿರುವಿನವರೆಗೆ ಹೋಗಿ ತಟ್ಟನೆ ನಿಂತಿತು.

“ಇಮ್ಮರ್ಶನ್ ಆಫ್ ಮಾಡಿದ್ನಾ?” ಎಂದರು ಅಪ್ಪ.

ಅಮ್ಮ ಮುಂದೆ ನೋಡುತ್ತ ಕೂತಿದ್ದಳು. ನಾನು ಪೊರಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಪ್ಪನ ಕೈ ಕಾರಿನ ಬಾಗಿಲ ಹಿಡಿಯ ಮೇಲೆ ಒಂದಷ್ಟು ಹೊತ್ತು ಇತ್ತು. ಆಮೇಲೆ ಅದು ಗೇರಿಗೆ ವಾಪಸ್ ಬಂತು, ನಾವು ಕಿಲ್ಕೆನ್ನಿಯ ದಾರಿ ಹಿಡಿದೆವು.